ಮೇವು ಕಾಯ್ದ ಮಹನೀಯರು

ದೊಡ್ಡವರ ಚರಿತ್ರೆಯೆಂದರೆ ರಾಜರ ಯುದ್ಧ, ಕವಿಗಳ ಕಾವ್ಯ ಎಂದೇ ನಾವು ಓದುತ್ತ ಬಂದಿದ್ದೇವೆ. ಹಸುವಿನ ಮೇವನ್ನು ಕೆಡದಂತೆ ಕಾಯ್ದು ನೊಬೆಲ್ ಪಾರಿತೋಷಕ ಪಡೆದವರೂ ಇದ್ದರೆಂದು ತಿಳಿದಾಗ, ಕೊಟ್ಟಿಗೆಯ ಪಕ್ಕದಲ್ಲೇ ಬೆಳೆದ ನನಗೆ ಆಶ್ಚರ್ಯವೂ ಆನಂದವೂ ಆಯಿತು. ಅವರೇ ಫಿನ್ಲೆಂಡ್ ದೇಶದ ಆರ್ಟುರಿ ಇಲ್ಮರಿ ವಿರ್ಟನೆನ್.

1895ನೆಯ ಜನವರಿ 15ರಂದು ಹೆಲ್ಸಿಂಕಿಯಲ್ಲಿ ಅವರ ಜನನ. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರ ಓದಿ 1919ರಲ್ಲಿ ಡಾಕ್ಟರೇಟ್ ಪಡೆದರು. ಅಷ್ಟು ದೊಡ್ಡ ಪದವಿ ಗಳಿಸಿದ ತರುಣರು ಸೇರಿದ್ದು ಹಾಲಿನ ಸಹಕಾರ ಸಂಸ್ಥೆಯಾದ ವಾಲಿಯೊದ ಪ್ರಯೋಗಶಾಲೆಗೆ. ಜೂರಿಕ್, ಸ್ಟಾಕ್‌ಹೋಮ್‌ಗಳಲ್ಲಿಯೂ ಅಭ್ಯಾಸ ಮಾಡಿ, ಸೂಕ್ಷ್ಮಜೀವಿಗಳಿಂದಾಗುವ ಹುದುಗುವಿಕೆಯನ್ನು ಆಳವಾಗಿ ಅರಿತರು.

ಫಿನ್ಲೆಂಡಿನ ಚಳಿಗಾಲ ದೀರ್ಘವಾದುದು. ಹಿಮ ಬಿದ್ದ ಮೇಲೆ ತಿಂಗಳುಗಟ್ಟಲೆ ಹಸಿರು ಹುಲ್ಲೆಂಬುದಿಲ್ಲ. ಹಸಿ ಮೇವನ್ನು ಒತ್ತಿ ತುಂಬಿ ಗಾಳಿಯಾಡದಂತೆ ಮುಚ್ಚಿಡುವ ರಸಮೇವಿನ ಪದ್ಧತಿ ಮೊದಲೇ ಇತ್ತು. ಅಲ್ಲಿ ನಡೆಯುವುದು ಜೀವಾಣುಗಳ ಪೈಪೋಟಿ. ಹಾಲನ್ನು ಮೊಸರಾಗಿಸುವ ಜಾತಿಯವು ಹುಲ್ಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸಿದರೆ ಮೇವು ಉಳಿಯುತ್ತದೆ. ಹುಳಿಯೇರುವುದು ತಡವಾದರೆ ಬ್ಯುಟಿರಿಕ್ ಆಮ್ಲದ ಜೀವಾಣುಗಳು ಮೇಲುಗೈ ಪಡೆಯುತ್ತವೆ. ಸಸಾರಜನಕ ಕೊಳೆತು ಮೇವು ನಾರುತ್ತದೆ. ಸಕ್ಕರೆ ಕಡಮೆಯಿರುವ ಕ್ಲೋವರಿನಂತಹ ದ್ವಿದಳ ಮೇವಿಗೆ ಈ ಅಪಾಯ ಹೆಚ್ಚು.

ಆ ತಡವನ್ನೇ ವಿರ್ಟನೆನ್ ಇಲ್ಲವಾಗಿಸಿದರು. ಮೇವು ತುಂಬುವಾಗಲೇ ನೀರು ಬೆರಸಿದ ಹೈಡ್ರೊಕ್ಲೋರಿಕ್, ಸಲ್ಫ್ಯೂರಿಕ್ ಆಮ್ಲಗಳನ್ನು ಚಿಮುಕಿಸಿ, ಹುಳಿಯನ್ನಳೆಯುವ ಪಿ.ಎಚ್. ಅಂಕವನ್ನು 4ಕ್ಕಿಂತ ಕೆಳಗಿಳಿಸಿದರೆ ಕೆಡಿಸುವ ಕ್ರಿಯೆ ನಿಲ್ಲುವುದೆಂದು 1920ರ ದಶಕದ ಕೊನೆಯಲ್ಲಿ ತೋರಿಸಿದರು. ಇದನ್ನು ತಿಂದ ಹಸುವಿಗೆ ಕೇಡಾದೀತೆ, ಹಾಲು ಕೆಟ್ಟೀತೆ ಎಂಬ ಸಂಶಯ ಸಹಜ. ಅದನ್ನೂ ಪರೀಕ್ಷಿಸಿ ನೋಡಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಈ ಕ್ರಮಕ್ಕೆ ಎ.ಐ.ವಿ. ಪದ್ಧತಿಯೆಂದೇ ಹೆಸರಾಯಿತು. 1931ರಲ್ಲಿ ಹೆಲ್ಸಿಂಕಿಯ ಜೀವರಸಾಯನ ಸಂಸ್ಥೆಯ ನಿರ್ದೇಶಕರಾಗಿ, ದ್ವಿದಳ ಸಸ್ಯಗಳ ಬೇರುಗಂಟುಗಳು ಸಾರಜನಕವನ್ನು ಹಿಡಿದಿಡುವ ಬಗೆಯನ್ನೂ ಶೋಧಿಸಿದರು. 1945ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. 1973ನೆಯ ನವೆಂಬರ್ 11ರಂದು ಅವರು ತೀರಿಕೊಂಡರು.

ಆ ತೀಕ್ಷ್ಣ ಆಮ್ಲಗಳು ಕೈ ಸುಡುವಂಥವು. ಮುಂದೆ ಅವುಗಳ ಸ್ಥಾನಕ್ಕೆ ಫಾರ್ಮಿಕ್ ಆಮ್ಲ ಬಂದಿತು. ಈಗ ಅನೇಕ ಕಡೆ, ಹಾಲಿಗೆ ಹೆಪ್ಪು ಹಾಕುವಂತೆ, ಆರಿಸಿ ಬೆಳೆಸಿದ ಲ್ಯಾಕ್ಟಿಕ್ ಜೀವಾಣುಗಳನ್ನೇ ಮೇವಿಗೆ ಬೆರಸುತ್ತಾರೆ. ಸಾಧನ ಬೇರೆಯಾದರೂ, ಬೇಗ ಹುಳಿಯೇರಿಸಿ ಮೇವುಳಿಸುವ ತತ್ತ್ವ ಅದೇ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇನ್ನು ನಿನಗೆ ಸಗಣಿ ಬಾಚುವುದು ತಪ್ಪಿತೆಂದು ಬಂಧುಗಳು ಹರಸುತ್ತಾರೆ. ಆದರೆ ಬೇಸಗೆಯಲ್ಲಿ ಮೇವಿಲ್ಲದೆ ಹಸು ಮಾರಿದ ಮನೆಗಳು ನಮ್ಮೂರಿನಲ್ಲಿವೆ, ನಮ್ಮದೂ ಒಂದು. ಮಳೆಗಾಲದ ಹಸಿ ಜೋಳದ ದಂಟು ಗುಂಡಿಯಲ್ಲಿ ಉಳಿದಿದ್ದರೆ ಚೈತ್ರದಲ್ಲಿ ಆ ಹಸು ಕೊಟ್ಟಿಗೆಯಲ್ಲಿ ಉಳಿಯುತ್ತಿತ್ತು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೂ ಓದಿದ್ದನ್ನು ಕೊಟ್ಟಿಗೆಯವರೆಗೆ ಒಯ್ಯಬಲ್ಲೆ. ಪರೀಕ್ಷೆ ಮುಗಿದೊಡನೆ, ಮುಂದಿನ ಮಳೆಗಾಲದ ಮೇವಿಗಾಗಿ, ತಂದೆಯವರೊಡನೆ ಒಂದು ಸಣ್ಣ ಗುಂಡಿ ತೋಡಬೇಕೆಂದಿದ್ದೇನೆ.