ಕೆಸರುಹೊಳೆಯ ದಂಡೆಯ ಮರಗಳು: ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್

ರಾಜ್ಯೋತ್ಸವದ ಸಂಚಿಕೆಯಲ್ಲಿ ಅಮೆರಿಕದ ತೋಟಗಾರನೊಬ್ಬನ ಚರಿತ್ರೆ ಏತಕ್ಕೆ ಎಂದು ವಾಚಕ ಮಹಾಶಯರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಮುಂಬಯಿಯಲ್ಲಿ ಸಂಸಾರ ಹೂಡಿರುವ ನಮಗೆ, ಊರ ನಡುವಿನ ಹಳ್ಳ ಕೆಟ್ಟರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮಿಠಿ ನದಿ ಮನೆಮನೆಗೆ ನುಗ್ಗಿತು. ಅಂಥದೇ ಒಂದು ಹೊಲಸು ಹಳ್ಳವನ್ನು ಬಾಸ್ಟನ್ ನಗರದಲ್ಲಿ ಕೈಗೆತ್ತಿಕೊಂಡು, ಅದರ ನೀರಿಗೆ ದಾರಿಮಾಡಿ, ಎರಡು ದಂಡೆಗೂ ಮರ ಬೆಳೆಸಿದ ಪುರುಷನು ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ನಿರ್ಮಾತೃವೆಂದು ಲೋಕ ಈತನನ್ನು ಬಲ್ಲದು. ನಾವು ಹೇಳಹೊರಟಿರುವುದು ಮುಖ್ಯವಾಗಿ ಆ ಹಳ್ಳದ ಸಮಾಚಾರವನ್ನು.

ಓಲ್ಮ್‌ಸ್ಟೆಡ್ ಹುಟ್ಟಿದ್ದು 1822ರ ಏಪ್ರಿಲ್ 26ರಂದು, ಕನೆಕ್ಟಿಕಟ್ ಪ್ರಾಂತದ ಹಾರ್ಟ್‌ಫರ್ಡ್ ಊರಿನಲ್ಲಿ. ತಂದೆ ಜವಳಿ ವ್ಯಾಪಾರಿ, ಅನುಕೂಲಸ್ಥ. ತಾಯಿ ಈತ ಮಗುವಾಗಿದ್ದಾಗಲೇ ತೀರಿಕೊಂಡಳು. ಹದಿಹರೆಯದಲ್ಲಿ ಒಂದು ವಿಷಗಿಡದ ಸೋಂಕಿನಿಂದ ಕಣ್ಣು ಕೆಟ್ಟು, ಕಾಲೇಜಿನ ವಿದ್ಯೆಗೆ ತಡೆಬಿತ್ತು. 1840ರಲ್ಲಿ ನ್ಯೂಯಾರ್ಕಿನ ಜವಳಿ ಆಮದು ಕೋಠಿಯೊಂದರಲ್ಲಿ ಗುಮಾಸ್ತನಾಗಿ ಸೇರಿದನು. ದಿನಕ್ಕೆ ಎಂಟು ತಾಸು ಲೆಕ್ಕಪತ್ರಗಳ ಮುಂದೆ ಕೂರುವ ನಮ್ಮಂಥ ಬ್ಯಾಂಕಿನವರಿಗೆ ಈ ಸಂಗತಿಯಿಂದ ಸ್ವಲ್ಪ ಹೆಮ್ಮೆಯಾಗುತ್ತದೆ. ಆದರೆ ಆತನಿಗೆ ಆ ಕೆಲಸ ಹಿಡಿಸಲಿಲ್ಲವೆಂಬುದನ್ನೂ ಹೇಳಿಬಿಡಬೇಕು. 1843ರಲ್ಲಿ ಹಡಗು ಹತ್ತಿ ಚೀನಕ್ಕೆ ಹೋದನು, ಕಾಯಿಲೆ ಬಿದ್ದು ಹಿಂದಿರುಗಿದನು. ಬಳಿಕ ತಂದೆಯ ಹಣದಿಂದ ಬೇಸಾಯ ಹಿಡಿದನು. 1850ರಲ್ಲಿ ಇಂಗ್ಲೆಂಡನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಬರ್ಕನ್‌ಹೆಡ್ ಊರಿನಲ್ಲಿ ಸಾರ್ವಜನಿಕರಿಗಾಗಿಯೇ ಮಾಡಿದ್ದ ಉದ್ಯಾನವನ್ನು ಕಂಡು ಬೆರಗಾದನು. ಆಮೇಲೆ ಪತ್ರಿಕೆಗಾಗಿ ದಕ್ಷಿಣದ ಸಂಸ್ಥಾನಗಳಲ್ಲಿ ತಿರುಗಿ, ಗುಲಾಮಗಿರಿಯ ಸ್ಥಿತಿಗತಿಗಳನ್ನು ಬರೆದನು. ಮೂವತ್ತೈದು ವರ್ಷ ತುಂಬಿದಾಗಲೂ ಈತನಿಗೆ ಇಂಥದೆಂದು ಹೇಳುವ ಉದ್ಯೋಗವಿರಲಿಲ್ಲ. ತಂದೆಯ ತಾಳ್ಮೆಯನ್ನು ಮೆಚ್ಚಬೇಕು.

1857ರಲ್ಲಿ ಸೆಂಟ್ರಲ್ ಪಾರ್ಕಿನ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಮರು ವರ್ಷ ಕ್ಯಾಲ್ವರ್ಟ್ ವಾಕ್ಸ್ ಎಂಬ ವಾಸ್ತುಶಿಲ್ಪಿಯೊಡನೆ ಸೇರಿ ಸ್ಪರ್ಧೆಗೆ ಕಳುಹಿಸಿದ ನಕ್ಷೆಗೆ ಬಹುಮಾನ ಬಂದಿತು. ತೀರಿಹೋದ ತಮ್ಮನ ವಿಧವೆ ಮೇರಿಯನ್ನು 1859ರಲ್ಲಿ ಮದುವೆಯಾಗಿ, ಆ ಮೂವರು ಮಕ್ಕಳನ್ನು ತನ್ನ ಮಕ್ಕಳೆಂದೇ ಸಾಕಿದನು. ಅಂತರ್ಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರ ಶುಶ್ರೂಷೆಯ ವ್ಯವಸ್ಥೆ ನೋಡಿಕೊಂಡದ್ದು, ಕ್ಯಾಲಿಫೋರ್ನಿಯದ ಚಿನ್ನದ ಗಣಿಯ ಆಡಳಿತ, ಬ್ರೂಕ್ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕು, ಇವೆಲ್ಲವನ್ನೂ ಸ್ಥಳಾಭಾವದಿಂದ ದಾಟಿ ಮುಂದೆ ಹೋಗುತ್ತೇವೆ. 1878ರಲ್ಲಿ ನ್ಯೂಯಾರ್ಕಿನ ರಾಜಕಾರಣ ಈತನ ಹುದ್ದೆಯನ್ನೇ ರದ್ದುಮಾಡಿತು. ಅದೇ ಹೊತ್ತಿಗೆ ಬಾಸ್ಟನ್ನಿನಿಂದ ಕರೆ ಬಂದಿತು.

ಬಾಸ್ಟನ್ನಿನಲ್ಲಿ ಚಾರ್ಲ್ಸ್ ನದಿಗೆ ಸೇರುವ ಒಂದು ಚಿಕ್ಕ ತೊರೆಗೆ ಮಡ್ಡಿ ರಿವರ್, ಅಂದರೆ ಕೆಸರುಹೊಳೆ, ಎಂದೇ ಹೆಸರು. ಇದು ಬಾಸ್ಟನ್ನಿಗೂ ಪಕ್ಕದ ಬ್ರೂಕ್‌ಲೈನಿಗೂ ನಡುವಿನ ಗಡಿ. ಸಮುದ್ರದ ಭರತ ಬಂದಾಗ ಉಪ್ಪುನೀರು ಒಳಗೆ ನುಗ್ಗುವುದು. ಇಳಿತದಲ್ಲಿ ಚರಂಡಿಯ ಹೊಲಸು ಹೊತ್ತ ಕೆಸರು ಬಯಲಿಗೆ ಬಿದ್ದು ನಾರುವುದು. ಮಳೆ ಜೋರಾಗಿ ಭರತವೂ ಅದೇ ವೇಳೆಗೆ ಬಂದರೆ ನೀರಿಗೆ ಹೋಗಲು ದಾರಿಯಿಲ್ಲ. ಮಾಹಿಮಿನ ಕಡೆ ವಾಸವಾಗಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾರ್ಕು ಕಮಿಷನರರು ಹೂದೋಟಕ್ಕೆಂದು ಸ್ಪರ್ಧೆ ಏರ್ಪಡಿಸಿ ಬಹುಮಾನವನ್ನೂ ಕೊಟ್ಟಿದ್ದರು. ಓಲ್ಮ್‌ಸ್ಟೆಡ್ ಬಂದು ನೋಡಿ, ಇಲ್ಲಿ ಮೊದಲು ಆಗಬೇಕಾದದ್ದು ನೀರಿನ ವ್ಯವಸ್ಥೆ, ಹೂವಿನದಲ್ಲ ಎಂದು ತೀರ್ಮಾನಿಸಿದನು. ನಗರದ ಎಂಜಿನಿಯರರನ್ನು ಜೊತೆಗೆ ಕೂಡಿಸಿಕೊಂಡು, ಕೊಳಚೆಯನ್ನು ಬೇರೆ ಕೊಳವೆಗೆ ತಿರುಗಿಸಿ, ಭರತವನ್ನು ಅಳತೆಯಿಂದ ಒಳಬಿಡುವ ತೂಬನ್ನಿರಿಸಿ, ಮಳೆನೀರು ಹರಡಿ ನಿಲ್ಲಲು ಜೌಗು ನೆಲವನ್ನು ಬಿಟ್ಟುಕೊಟ್ಟನು. ಉಪ್ಪನ್ನೂ ಮುಳುಗಡೆಯನ್ನೂ ತಾಳುವ ಹುಲ್ಲು ಪೊದೆಗಳನ್ನು ಅದರಲ್ಲಿ ನೆಡಿಸಿದನು. ಇದನ್ನು ಪಾರ್ಕೆಂದು ಕರೆಯುವುದೂ ಆತನಿಗೆ ಒಪ್ಪಿಗೆಯಿರಲಿಲ್ಲ. ಜೌಗೆಂಬ ಅರ್ಥದ ಫೆನ್ಸ್ ಎಂಬ ಹೆಸರನ್ನೇ ಇಟ್ಟನು. ಮೇಲುಗಡೆ ಕೆಸರುಹೊಳೆಯನ್ನು ಬಳುಕುವ ಪಾತ್ರಕ್ಕೆ ತಂದು, ಕೊಳಗಳನ್ನು ಪೋಣಿಸಿ, ದಂಡೆಗಳ ಮೇಲೆ ದಟ್ಟವಾಗಿ ಮರಗಿಡಗಳನ್ನು ಹಾಕಿಸಿದನು. ಈ ನಕ್ಷೆ 1880–81ರದು. ಕೆಲಸ ನಡೆದದ್ದು ಹೆಚ್ಚಾಗಿ 1890ರ ನಂತರ. ಜಮೈಕಾ ಕೊಳ, ಅರ್ನಾಲ್ಡ್ ವೃಕ್ಷವನ, ಫ್ರಾಂಕ್ಲಿನ್ ಪಾರ್ಕುಗಳವರೆಗೆ ಸಾಗುವ ಈ ಸಾಲನ್ನು ಈಗ ಪಚ್ಚೆಯ ಹಾರವೆಂದು ಕರೆಯುತ್ತಾರೆ.

ವೃಕ್ಷವನದ ಕರಾರನ್ನು ಹೇಳದೆ ಮುಂದೆ ಹೋಗಲು ನಮ್ಮ ಬ್ಯಾಂಕಿನ ಬುದ್ಧಿ ಒಪ್ಪುವುದಿಲ್ಲ. ಅಲ್ಲಿಯ ನಿರ್ದೇಶಕ ಸಾರ್ಜೆಂಟನೂ ಓಲ್ಮ್‌ಸ್ಟೆಡ್ಡನೂ ವರ್ಷಗಟ್ಟಲೆ ಓಡಾಡಿ 1882ರಲ್ಲಿ ಅದನ್ನು ಕುದುರಿಸಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯ ಜಮೀನನ್ನು ನಗರಕ್ಕೆ ಕೊಡುವುದು. ನಗರ ಅದನ್ನೇ ವಿಶ್ವವಿದ್ಯಾನಿಲಯಕ್ಕೆ ಸಾವಿರ ವರ್ಷಕ್ಕೆ ಗೇಣಿಗೆ ಕೊಡುವುದು. ಗೇಣಿ ವರ್ಷಕ್ಕೆ ಒಂದು ಡಾಲರು. ರಸ್ತೆ, ಕಾವಲು ನಗರದ್ದು. ಮರಗಳ ಆರೈಕೆ ವಿಶ್ವವಿದ್ಯಾನಿಲಯದ್ದು. ನಮ್ಮಲ್ಲಿ ಮೂವತ್ತು ವರ್ಷದ ಗೃಹಸಾಲಕ್ಕೇ ಜನ ಬೆವರುತ್ತಾರೆ. ಮರ ಬೆಳೆಸುವವನು ಎಷ್ಟು ದೂರದ ಲೆಕ್ಕ ಹಾಕಬೇಕೆಂಬುದು ಈ ಒಂದು ಕಾಗದದಿಂದ ತಿಳಿಯುತ್ತದೆ.

ಇನ್ನು ಕೊಡಲಿಯ ವಿಚಾರ. ಓಲ್ಮ್‌ಸ್ಟೆಡ್ ಗಿಡಗಳನ್ನು ಬೇಕೆಂದೇ ಒತ್ತೊತ್ತಾಗಿ ನೆಡಿಸುತ್ತಿದ್ದನು. ಬೇಗ ಬೆಳೆಯುವ ಕೆಲವು ಜಾತಿಗಳು ದಾದಿಯರಂತೆ ಎಳೆಯ ಸಸಿಗಳಿಗೆ ಗಾಳಿಯ ಮರೆ ಕೊಡುವುವು. ಸಸಿ ಬಲಿತ ಮೇಲೆ ದಾದಿಗಿಡಗಳನ್ನು ಕಡಿದುಹಾಕಬೇಕು. ಕಡಿಯದಿದ್ದರೆ ಎಲ್ಲವೂ ಬೆಳಕಿಗಾಗಿ ಬಡಿದಾಡಿ ಕೋಲಿನಂತೆ ಉದ್ದವಾಗುತ್ತವೆ. ಅಡಿಯ ಪೊದೆ ಹುಲ್ಲುಗಳು ನೆರಳಿಗೆ ಸಾಯುತ್ತವೆ. ಬೋಳಾದ ದಂಡೆಯ ಮಣ್ಣು ಮಳೆಗೆ ಕೊಚ್ಚಿ ಹಳ್ಳದಲ್ಲಿ ಹೂಳಾಗುತ್ತದೆ. ರಾಗಿಯ ಹೊಲದಲ್ಲಿ ಕುಂಟೆ ಹಾಯಿಸಿ ಪೈರನ್ನು ವಿರಳಮಾಡುವ ನಮ್ಮ ರೈತನಿಗೆ ಇದು ಹೊಸದೇನಲ್ಲ. ಆದರೆ ಪಟ್ಟಣದ ಜನಕ್ಕೆ ಮರದ ಬುಡದಲ್ಲಿ ಕೊಡಲಿ ಕಂಡರೆ ಸಾಕು, ಗುಲ್ಲೇಳುತ್ತದೆ. ಸೆಂಟ್ರಲ್ ಪಾರ್ಕಿನಲ್ಲಿ ಹಾಗೇ ಆಯಿತು. ಗುಲ್ಲಿಗೆ ಹೆದರಿದ ಅಧಿಕಾರಿಗಳು ಕೈಕಟ್ಟಿ ಕುಳಿತರು, ತೋಪುಗಳು ಕೆಟ್ಟವು. ಕೊನೆಗೆ 1889ರಲ್ಲಿ ಓಲ್ಮ್‌ಸ್ಟೆಡ್, ಹ್ಯಾರಿಸನ್ ಎಂಬವನೊಡನೆ ಸೇರಿ, ಸಾರ್ವಜನಿಕ ತೋಪುಗಳಲ್ಲಿ ಕೊಡಲಿಯ ಬಳಕೆಯನ್ನು ಕುರಿತೇ ಒಂದು ಪುಸ್ತಿಕೆ ಬರೆದು, ಬಲ್ಲವರ ಅಭಿಪ್ರಾಯಗಳನ್ನು ಕಲೆಹಾಕಿ ಜನರ ಮುಂದಿಟ್ಟನು.

ಈ ಮಾತನ್ನು ಹೇಳುವಾಗ ನಮಗೊಂದು ಅಳುಕಿದೆ. ನಮ್ಮ ನಗರಗಳಲ್ಲಿ ರಸ್ತೆಗೆಂದೂ ಕಟ್ಟಡಕ್ಕೆಂದೂ ಮರ ಉರುಳಿಸುವವರು ಇದನ್ನು ತಮ್ಮ ಪರವಾಗಿ ಎತ್ತಿಕೊಂಡಾರು. ಆತನ ಕೊಡಲಿ ನಿಂತ ಮರಕ್ಕಾಗಿ ಪಕ್ಕದ ಗಿಡವನ್ನು ಕಡಿಯುವಂಥದು. ನೆಲ ತೆರವಾಗಲೆಂದು ಕಡಿಯುವಂಥದಲ್ಲ. ಈ ಎರಡನ್ನೂ ಗುರುತಿಸಬಲ್ಲ ತೋಟಗಾರ ಪುರಸಭೆಯ ಸಂಬಳಪಟ್ಟಿಯಲ್ಲಿ ಇರಬೇಕು, ವರ್ಷ ವರ್ಷವೂ ಇರಬೇಕು. ಕಟ್ಟಡಕ್ಕಾದರೆ ಮೊದಲ ದಿನದಿಂದಲೇ ಸವಕಳಿ ಬರೆಯುತ್ತೇವೆ. ದಂಡೆಯ ತೋಪು ನಲವತ್ತು ವರ್ಷ ಕಳೆದ ಮೇಲೆ ಪೂರ್ತಿ ಬೆಲೆಗೆ ಬರುವ ಆಸ್ತಿ. ಆದರೆ ನಡುವೆ ಖರ್ಚು ನಿಲ್ಲಿಸಿದರೆ ಅಸಲೂ ಹೋಯಿತು.

1895ರಲ್ಲಿ ಓಲ್ಮ್‌ಸ್ಟೆಡ್ಡನಿಗೆ ಮರೆವಿನ ರೋಗ ಹಿಡಿಯಿತು. ಕೆಲಸವನ್ನು ಮಕ್ಕಳಿಗೂ ಶಿಷ್ಯ ಚಾರ್ಲ್ಸ್ ಎಲಿಯಟ್ಟನಿಗೂ ಒಪ್ಪಿಸಿದನು. ಎರಡೇ ವರ್ಷಕ್ಕೆ ಎಲಿಯಟ್ ತೀರಿಕೊಂಡನು, ಮೂವತ್ತೇಳರ ಪ್ರಾಯದಲ್ಲಿ. ಓಲ್ಮ್‌ಸ್ಟೆಡ್ ಕೊನೆಯ ದಿನಗಳನ್ನು ಮೆಕ್ಲೀನ್ ಆಸ್ಪತ್ರೆಯಲ್ಲಿ ಕಳೆದನು. ಅದರ ಆವರಣ ಹೇಗಿರಬೇಕೆಂದು ಹಿಂದೆ ಸಲಹೆ ಕೊಟ್ಟಿದ್ದವನು ತಾನೇ. 1903ರ ಆಗಸ್ಟ್ 28ರಂದು ಅಲ್ಲಿಯೇ ಮರಣಹೊಂದಿದನು.

ಹೊಳೆಗೆ ಮುಂದೆ ಬಂದ ಗತಿ ಸುಖದ್ದಲ್ಲ. 1910ರಲ್ಲಿ ಚಾರ್ಲ್ಸ್ ನದಿಗೆ ಕಟ್ಟೆ ಬಿದ್ದಿತು, ಭರತದ ಉಪ್ಪುನೀರು ನಿಂತಿತು. ಉಪ್ಪಿಗೆಂದೇ ನೆಟ್ಟ ಸಸ್ಯಗಳು ಸತ್ತು, ಆಳೆತ್ತರದ ಜೊಂಡು ಆ ಜಾಗವನ್ನು ನುಂಗಿತು. ಜೌಗಿನ ಕೆಲವು ಭಾಗಕ್ಕೆ ಮಣ್ಣು ತುಂಬಿ ಆಟದ ಮೈದಾನ ಮಾಡಿದರು. 1950ರ ದಶಕದಲ್ಲಿ ಮೋಟಾರು ನಿಲ್ಲಿಸುವ ಜಾಗಕ್ಕಾಗಿ ಹೊಳೆಯ ಒಂದು ತುಂಡನ್ನೇ ನೆಲದಡಿಯ ಕೊಳವೆಗೆ ಇಳಿಸಿಬಿಟ್ಟರು. ಆ ಕೊಳವೆ ಎಷ್ಟು ಹೊತ್ತೀತು? 1996ರ ಅಕ್ಟೋಬರಿನ ಮಳೆಗೆ ಹೊಳೆ ಉಕ್ಕಿ, ಕೆನ್ಮೋರ್ ಎಂಬ ನೆಲದಡಿಯ ರೈಲು ನಿಲ್ದಾಣವೇ ಮುಳುಗಿತು. ಆಗ ಜನಕ್ಕೆ ಹಳೆಯ ನಕ್ಷೆಯ ನೆನಪಾಯಿತು. ಹೊಳೆಯನ್ನು ಮತ್ತೆ ಬಯಲಿಗೆ ತಂದು ದಂಡೆಗೆ ಗಿಡ ನೆಡುವ ಕೆಲಸದ ಮೊದಲ ಹಂತ 2016ರಲ್ಲಿ ಮುಗಿಯಿತು. ಮುಂದಿನ ಹಂತದಲ್ಲಿ ಹೂಳೆತ್ತಿ ಜೊಂಡನ್ನು ಕಿತ್ತರು. ಈ ಸಲ ನಿರ್ವಹಣೆಯ ಮೇಲೆ ಕಣ್ಣಿಡಲು ನಾಗರಿಕರ ಸಮಿತಿಯೊಂದನ್ನೂ ನೇಮಿಸಿದರು.

ಹೊಳೆಗೆ ಅನತಿದೂರದಲ್ಲಿ, ಬ್ರೂಕ್‌ಲೈನಿನಲ್ಲಿ, ಓಲ್ಮ್‌ಸ್ಟೆಡ್ಡನ ಮನೆಯನ್ನು ಸ್ಮಾರಕವಾಗಿ ಸರ್ಕಾರ ಉಳಿಸಿಕೊಂಡಿದೆ. ಆ ಮನೆಯ ದಕ್ಷಿಣದ ಹುಲ್ಲುಹಾಸಿನಲ್ಲಿ ಆತ ಅಕ್ಕರೆಯಿಂದ ಉಳಿಸಿಕೊಂಡಿದ್ದ ಒಂದು ಹಿರಿಯ ಎಲ್ಮ್ ಮರವಿತ್ತು. ರೋಗ ತಗಲಿ ಟೊಳ್ಳಾದ ಅದನ್ನು 2011ರಲ್ಲಿ ಕಡಿದರು; ತರುವಾಯ ಅದೇ ಜಾಗದಲ್ಲಿ, ಆ ರೋಗವನ್ನು ತಡೆಯಬಲ್ಲ ಜಾತಿಯ ಎಲ್ಮ್ ಸಸಿಯೊಂದನ್ನು ನೆಟ್ಟಿದ್ದಾರೆ.