ಬೆಳಕು ಎಲ್ಲಿ ಬೇಡ ಅಂತ ಗೊತ್ತಿದ್ದ ಗುರುದತ್

ಬೆಂಗಳೂರು–ಮೈಸೂರು ಹೆದ್ದಾರಿಯನ್ನ ಎರಡು ಪ್ಯಾಕೇಜಾಗಿ ಕಟ್ಟಿದ್ದು ನಮ್ಮ ಸಿವಿಲ್ ಗೆಳೆಯರಿಗೆ ಗೊತ್ತೇ ಇದೆ. ಒಂದು ಬೆಂಗಳೂರಿಂದ ಮದ್ದೂರು ತಾಲ್ಲೂಕಿನ ನಿಡಘಟ್ಟದವರೆಗೆ, ಇನ್ನೊಂದು ನಿಡಘಟ್ಟದಿಂದ ಮೈಸೂರಿಗೆ. ಹಿಂದಿ ಸಿನಿಮಾದ ಒಂದು ದೊಡ್ಡ ಅಧ್ಯಾಯವೂ ಹೀಗೇ ಎರಡು ಕಡೆಯಿಂದ ಬಂದು ಕೂಡಿಕೊಂಡಿತು. ಗುರುದತ್ ಹುಟ್ಟಿದ್ದು ಬೆಂಗಳೂರಲ್ಲಿ, ವಿ.ಕೆ. ಮೂರ್ತಿ ಮೈಸೂರಲ್ಲಿ. ಒಬ್ಬರು ಕುಣಿತ ಬಲ್ಲವರು, ಇನ್ನೊಬ್ಬರು ಕ್ಯಾಮೆರಾ ಬಲ್ಲವರು. ಫೆಸ್ಟ್ ಬಂದಾಗಲೆಲ್ಲ ವೇದಿಕೆ ಮೇಲೆ ಕುಣಿಯುವವರ ಫೋಟೋ ತೆಗೆಯೋಕೆ ಒದ್ದಾಡೋ ನಮಗೆ ಗುರುದತ್ ಬದುಕಿನಲ್ಲಿ ಕಲಿಯೋದು ಬಹಳ ಇದೆ.

1925ರ ಜುಲೈ 9ರಂದು ಹುಟ್ಟಿದ ಗುರುದತ್ ಪಡುಕೋಣೆ ಬೆಳೆದದ್ದು ಕಲ್ಕತ್ತಾದಲ್ಲಿ. ಸಂಜೆ ಅಜ್ಜಿ ಹಚ್ಚಿಟ್ಟ ದೀಪದ ಮುಂದೆ ಬೆರಳಾಡಿಸಿ ಗೋಡೆ ಮೇಲೆ ನೆರಳಿನ ಚಿತ್ರ ಮಾಡೋದು ಆ ಹುಡುಗನ ಆಟ. ಬಂಧುವಾಗಿದ್ದ ಕಲಾವಿದ ಬಿ.ಬಿ. ಬೆನೆಗಲ್ ಬರೆದ ಚಿತ್ರವೊಂದನ್ನ ನೋಡಿ ಸರ್ಪನೃತ್ಯ ಕಟ್ಟಿ, ಅದರ ಫೋಟೋ ತೆಗೆಯೋಕೆ ಅವರನ್ನೇ ಒಪ್ಪಿಸಿದ್ದ. ಕುಣಿತ ಮತ್ತು ಬೆಳಕು ಎರಡೂ ಆಗಲೇ ತಲೆಗೆ ಹೊಕ್ಕಿದ್ದವು.

ಮನೆಯಲ್ಲಿ ದುಡ್ಡಿಗೆ ಕಷ್ಟ. ಕಾಲೇಜು ಓದೋಕೆ ಆಗಲಿಲ್ಲ. ಕೆಲಕಾಲ ಟೆಲಿಫೋನ್ ಆಪರೇಟರ್ ಕೆಲಸ ಮಾಡಿ, ಆಮೇಲೆ ಅಲ್ಮೋರಾದಲ್ಲಿದ್ದ ಉದಯಶಂಕರ್ ನೃತ್ಯಕೇಂದ್ರ ಸೇರಿದರು. ರಷ್ಯದ ಬ್ಯಾಲೆ ತಾರೆ ಅನ್ನಾ ಪಾವ್ಲೋವಾ ಜೊತೆ ಕುಣಿದಿದ್ದ ಉದಯಶಂಕರ್, ನಮ್ಮ ನೃತ್ಯಕ್ಕೆ ಬ್ಯಾಲೆಯ ರೂಪ ಕೊಟ್ಟವರು. 1944ರಲ್ಲಿ ಆ ಕೇಂದ್ರ ಮುಚ್ಚಿತು. ಗುರುದತ್ ಪುಣೆಯ ಪ್ರಭಾತ್ ಸ್ಟುಡಿಯೋಗೆ ಹೋಗಿ ನೃತ್ಯ ನಿರ್ದೇಶನವನ್ನೂ ಮಾಡಿದರು.

1951ರಲ್ಲಿ ಅವರ ಮೊದಲ ಚಿತ್ರ ‘ಬಾಜಿ’. ಅಲ್ಲಿ ಕ್ಯಾಮೆರಾ ಸಹಾಯಕರಾಗಿದ್ದವರು ಮೂರ್ತಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿದ್ದವರು. ಕನ್ನಡಿ ಬಳಸಿ ತೆಗೆಯಬೇಕಾದ ಒಂದು ಕಷ್ಟದ ಶಾಟನ್ನ ಅವರು ಸೂಚಿಸಿದ್ದು ಗುರುದತ್‌ಗೆ ಹಿಡಿಸಿತು. ಮುಂದಿನ ‘ಜಾಲ್’ನಿಂದ ಜೋಡಿ ಕೂಡಿತು.

1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಲೆನ್ಸ್ ಚಿತ್ರವನ್ನ ಅಡ್ಡಡ್ಡಲಾಗಿ ಒತ್ತಿ ಫಿಲ್ಮಿಗೆ ಇಳಿಸುತ್ತೆ, ಪ್ರೊಜೆಕ್ಟರ್ ಮತ್ತೆ ಅಗಲಿಸುತ್ತೆ. ಅದರಲ್ಲಿ ಖಾಲಿ ಸ್ಟುಡಿಯೋದೊಳಗೆ ಬೀಳುವ ಆ ಬೆಳಕಿನ ಕೋಲು ಇದೆಯಲ್ಲ, ಅದು ದೊಡ್ಡ ಕನ್ನಡಿಗಳಿಂದ ಒಳಗೆ ತಿರುಗಿಸಿದ ಬಿಸಿಲು! ಇಷ್ಟೆಲ್ಲ ಮಾಡಿದ್ರೂ ಚಿತ್ರ ಸೋತಿತು. ಮೂರ್ತಿಯವರಿಗೆ ಫಿಲ್ಮ್‌ಫೇರ್ ಬಂತು, ಗುರುದತ್ ಮಾತ್ರ ಮತ್ತೆಂದೂ ನಿರ್ದೇಶಕ ಅಂತ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ.

ಹೆಸರು ಹೋಯ್ತು, ಕಣ್ಣು ಹೋಗಲಿಲ್ಲ. 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರಕ್ಕೆ ನಿರ್ದೇಶಕರು ಅಬ್ರಾರ್ ಅಲ್ವಿ. ಹಾಡುಗಳ ಚಿತ್ರೀಕರಣ ಗುರುದತ್ ಅವರದು. ಅದರಲ್ಲಿ ಜಮೀನ್ದಾರನ ಹವೇಲಿಯ ಕುಣಿತ ಒಂದಿದೆ. ಬೆಳಕೆಲ್ಲ ಮಿನೂ ಮುಮ್ತಾಜ್ ಮೇಲೆ. ಹಿಂದಿನ ಸಾಲಿನ ನರ್ತಕಿಯರು ಹಾಡು ಮುಗಿಯೋ ತನಕ ನೆರಳಲ್ಲೇ. ಮುಖ ಕಾಣಲ್ಲ, ಕೈಕಾಲಿನ ಲಯ ಕಾಣುತ್ತೆ. ಎಲ್ಲರ ಮೇಲೂ ಒಂದೇ ಬೆಳಕು ಚೆಲ್ಲಿದ್ರೆ ಅದು ಇನ್ನೊಂದು ಗುಂಪು ನೃತ್ಯ ಆಗ್ತಿತ್ತು, ಅಷ್ಟೇ. ಕತ್ತಲಲ್ಲಿ ನಿಂತವರೂ ತಾಳ ತಪ್ಪದೆ ಕುಣಿದಿದ್ದರಿಂದಲೇ ಆ ದೃಶ್ಯ ನಿಂತಿದೆ ಅನ್ನೋದನ್ನ ನಾವು ಮರೀಬಾರದು.

ನಮ್ಮ ಕ್ಯಾಮೆರಾಗಳು ಇದಕ್ಕೆ ತದ್ವಿರುದ್ಧ. ಆಟೋ ಮೋಡಲ್ಲಿ ಇಟ್ರೆ ಕತ್ತಲ ವೇದಿಕೆಯನ್ನೆಲ್ಲ ಸರಾಸರಿ ಲೆಕ್ಕ ಹಾಕಿ ಬೆಳಗಿಸೋಕೆ ಹೋಗುತ್ತವೆ, ನರ್ತಕಿಯ ಮುಖ ಸುಣ್ಣ ಬಳಿದ ಹಾಗೆ ಆಗುತ್ತೆ. ಸ್ಪಾಟ್ ಮೀಟರಿಂಗ್ ಹಾಕಿ, ಮುಖಕ್ಕೆ ಅಳೆಯಿರಿ, ಹಿನ್ನೆಲೆ ಕತ್ತಲಾಗಲಿ ಬಿಡಿ. ಜಿಗಿತದ ತುತ್ತತುದಿಯಲ್ಲಿ ಲಂಬ ವೇಗ ಸೊನ್ನೆ, ಫಸ್ಟ್ ಇಯರ್ ಫಿಸಿಕ್ಸ್. ಆ ಗಳಿಗೆಗೆ ಕಾದರೆ ಕಡಿಮೆ ಬೆಳಕಲ್ಲೂ ಚಿತ್ರ ಅಲುಗಾಡಲ್ಲ. ಆದ್ರೆ ಆ ಗಳಿಗೆ ಯಾವಾಗ ಬರುತ್ತೆ ಅಂತ ಮೀಟರ್ ಹೇಳಲ್ಲ. ಕುಣಿತವನ್ನ ನೋಡಿ ನೋಡಿ ಕಲೀಬೇಕು.

1964ರ ಅಕ್ಟೋಬರ್ 10ರಂದು ಬೊಂಬಾಯಿಯಲ್ಲಿ ಗುರುದತ್ ತೀರಿಕೊಂಡಾಗ ವಯಸ್ಸು ಬರೀ 39. ಅವತ್ತು ಸೋತ ‘ಕಾಗಜ್ ಕೆ ಫೂಲ್’ ಅನ್ನು ಇವತ್ತು ಸಿನಿಮಾ ಕಲಿಯುವವರು ಪಾಠದ ಹಾಗೆ ನೋಡ್ತಾರೆ. ಅದನ್ನ ನೋಡೋಕೆ ಅವರೇ ಇಲ್ಲ. ಪ್ರಾಜೆಕ್ಟ್ ಕೈಕೊಟ್ಟಿತು ಅಂತ ತಮ್ಮ ಹೆಸರನ್ನೇ ಅಳಿಸಿಕೊಳ್ಳೋಕೆ ಹೊರಟ ಗೆಳೆಯರು ನಿಮ್ಮ ಪಕ್ಕದಲ್ಲಿದ್ರೆ, ಅವರನ್ನ ಒಬ್ಬರೇ ಕೂರೋಕೆ ಬಿಡಬೇಡಿ.