ಮಹಾರಾಣಿ ಲಕ್ಷ್ಮಮ್ಮಣ್ಣಿಯವರು

ನಂಜನಗೂಡಿನಿಂದ ಹೊರಟ ರೈಲುಗಾಡಿಯು ಬದನಗುಪ್ಪೆಯನ್ನು ದಾಟಿದ ಸ್ವಲ್ಪ ಹೊತ್ತಿಗೆಲ್ಲ ಚಾಮರಾಜನಗರವನ್ನು ಸೇರುತ್ತದೆ. ಈ ಪಟ್ಟಣದ ಪೂರ್ವದ ಹೆಸರು ಅರಿಕುಠಾರ. ತಮ್ಮ ತಂದೆಯವರ ಜನ್ಮಸ್ಥಳವೆಂಬ ಅಭಿಮಾನದಿಂದ ಮುಮ್ಮಡಿ ಕೃಷ್ಣರಾಜ ಒಡೆಯರವರು ೧೮೧೮ರಲ್ಲಿ ಇದಕ್ಕೆ ಚಾಮರಾಜನಗರವೆಂದು ನಾಮಕರಣ ಮಾಡಿ, ೧೮೨೬ರಲ್ಲಿ ಶ್ರೀ ಚಾಮರಾಜೇಶ್ವರಸ್ವಾಮಿಯ ದೇವಾಲಯವನ್ನು ಕಟ್ಟಿಸಿದರು. ತಂದೆಯ ಹೆಸರು ಊರಿನಲ್ಲಿ ನಿಂತಿತು. ಮಗನ ಹೆಸರು ಚರಿತ್ರೆಯಲ್ಲಿ ನಿಂತಿತು. ಆದರೆ ಆ ತಂದೆಯನ್ನು ದತ್ತುಪುತ್ರನನ್ನಾಗಿ ಸಾಕಿ, ಆ ಮಗನನ್ನು ಸಿಂಹಾಸನದ ಮೇಲೆ ಕುಳ್ಳಿರಿಸಿ, ಯುದ್ಧಾನಂತರದ ಕಾಲದಲ್ಲಿ ಅವನಿಗೂ ಅವನ ರಾಜ್ಯಕ್ಕೂ ಪಾಲಕರಾಗಿ ನಿಂತ ಮಹಾರಾಣಿ ಲಕ್ಷ್ಮಮ್ಮಣ್ಣಿಯವರನ್ನು ನೆನೆಯುವವರು ವಿರಳ.

ಲಕ್ಷ್ಮಮ್ಮಣ್ಣಿಯವರು ಇಮ್ಮಡಿ ಕೃಷ್ಣರಾಜ ಒಡೆಯರವರ ಪತ್ನಿಯರಲ್ಲೊಬ್ಬರು. ೧೭೩೪ರಲ್ಲಿ ಪಟ್ಟಕ್ಕೆ ಬಂದ ಈ ಅರಸರು ನಾಮಮಾತ್ರಕ್ಕೆ ರಾಜರು. ಅಧಿಕಾರವೆಲ್ಲವೂ ದಳವಾಯಿಗಳ ಕೈಯಲ್ಲಿತ್ತು. ದಳವಾಯಿಗಳ ಕಾಲ ಮುಗಿದೊಡನೆ, ೧೭೬೧ರಲ್ಲಿ, ಅಧಿಕಾರವು ಹೈದರಾಲಿಯ ವಶವಾಯಿತು. ೧೭೬೬ರಲ್ಲಿ ಅರಸರು ಕಾಲವಾದರು. ಅವರ ತರುವಾಯ ಪಟ್ಟವೇರಿದ ನಂಜರಾಜ ಒಡೆಯರು ೧೭೭೦ರಲ್ಲಿಯೂ, ಬೆಟ್ಟದ ಚಾಮರಾಜ ಒಡೆಯರು ೧೭೭೬ರಲ್ಲಿಯೂ ಗತಿಸಿದರು. ಆಗ ಹೈದರನು ರಾಜಬಂಧುಗಳ ಮಕ್ಕಳನ್ನು ಕರೆಯಿಸಿ ಒಬ್ಬನನ್ನು ಆರಿಸಿದನು. ಇತರ ಮಕ್ಕಳು ಆಟದ ಸಾಮಾನುಗಳಿಗೆ ಮುಗಿಬಿದ್ದಾಗ ಒಂದು ಮಗು ಮಾತ್ರ ಕಠಾರಿಗೆ ಕೈಯಿಟ್ಟಿತೆಂಬ ಕಥೆ ನಮ್ಮ ನಾಡಿನಲ್ಲಿ ಪ್ರಸಿದ್ಧವಾಗಿದೆ. ಅರಿಕುಠಾರದ ದೇವರಾಜ ಅರಸಿನವರ ಮಗನಾದ ಆ ಬಾಲಕನೇ ಚಾಮರಾಜ ಒಡೆಯರು. ಲಕ್ಷ್ಮಮ್ಮಣ್ಣಿಯವರು ಅವರಿಗೆ ತಾಯಿಯಾದರು.

ವರ್ಷಕ್ಕೊಮ್ಮೆ ದಸರೆಯಲ್ಲಿ ಅರಸನನ್ನು ಪ್ರಜೆಗಳಿಗೆ ತೋರಿಸಿ ಮತ್ತೆ ಅಂತಃಪುರದೊಳಗಿಡುತ್ತಿದ್ದ ಆ ದಿನಗಳಲ್ಲಿ, ಕಾವಲಿನ ನಡುವೆ ಇದ್ದ ವಿಧವೆಯೊಬ್ಬರು ರಾಜ್ಯವನ್ನು ಮರಳಿ ಪಡೆಯುವೆನೆಂದು ಸಂಕಲ್ಪ ಮಾಡಿದುದೇ ಒಂದು ಸಾಹಸ. ತಿರುಮಲರಾಯ ಮತ್ತು ನಾರಾಯಣರಾಯರೆಂಬ ಸಹೋದರರು ಅವರ ಪ್ರತಿನಿಧಿಗಳಾಗಿ ಇಂಗ್ಲಿಷರೊಡನೆ ಸಂಧಾನ ನಡೆಸಿದರು. ೧೭೮೨ರ ಅಕ್ಟೋಬರಿನಲ್ಲಿ ತಂಜಾವೂರಿನಲ್ಲಿ ಒಪ್ಪಂದವಾಯಿತು. ಯುದ್ಧವು ಮುಂದುವರಿದಂತೆಲ್ಲ ರಾಣಿಯವರು ಹಣವನ್ನು ಕೊಡತಕ್ಕದ್ದು, ಕುಂಪಣಿಯವರು ರಾಜ್ಯವನ್ನು ಪುರಾತನ ವಂಶಕ್ಕೆ ಮರಳಿಸತಕ್ಕದ್ದು, ಇದು ಅದರ ಸಾರಾಂಶ. ೧೭೮೩ರಲ್ಲಿ ಶ್ರೀರಂಗಪಟ್ಟಣದೊಳಗೆ ಹೂಡಿದ್ದ ಪಿತೂರಿಯು ಬಯಲಾಗಿ ಅನೇಕರು ಪ್ರಾಣ ತೆತ್ತರು. ಮರುವರ್ಷವೇ ಕುಂಪಣಿಯವರು ಮಂಗಳೂರಿನಲ್ಲಿ ಟಿಪ್ಪುಸುಲ್ತಾನನೊಡನೆ ಕೌಲುಮಾಡಿಕೊಂಡರು. ಆ ಕೌಲಿನಲ್ಲಿ ರಾಣಿಯವರಿಗೆ ಸ್ಥಳವಿರಲಿಲ್ಲ. ೧೭೯೨ರಲ್ಲಿ ಸುಲ್ತಾನನು ಸೋತು ಅರ್ಧರಾಜ್ಯವನ್ನು ಬಿಟ್ಟುಕೊಟ್ಟಾಗಲೂ, ಮೈಸೂರಿನ ಮನೆತನದ ಮಾತು ಬರಲಿಲ್ಲ. ಮಿತ್ರರೆಂದು ನಂಬಿದವರಿಗೆ ತಮ್ಮ ಅನುಕೂಲವೇ ಮುಖ್ಯವೆಂಬುದು ಎರಡು ಬಾರಿ ಸ್ಪಷ್ಟವಾಯಿತು.

೧೭೯೬ರಲ್ಲಿ ಚಾಮರಾಜ ಒಡೆಯರು ಸಿಡುಬಿನಿಂದ ತೀರಿಕೊಂಡರು. ಸುಲ್ತಾನನು ಬೇರೊಬ್ಬರಿಗೆ ಪಟ್ಟ ಕಟ್ಟಲಿಲ್ಲ. ಅರಮನೆಯನ್ನು ಬರಿದುಮಾಡಿಸಿ ರಾಜಕುಟುಂಬವನ್ನು ಬಡಮನೆಯೊಂದಕ್ಕೆ ಕಳುಹಿಸಿದನು. ಆ ಮನೆಯಲ್ಲಿ ಎರಡು ವರ್ಷದ ಒಂದು ಗಂಡುಮಗುವಿತ್ತು. ಲಕ್ಷ್ಮಮ್ಮಣ್ಣಿಯವರ ಆಸೆಯೆಲ್ಲವೂ ಆ ಮೊಮ್ಮಗನಲ್ಲಿ ನೆಲೆಗೊಂಡಿತು.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಸುಲ್ತಾನನು ಕೋಟೆಯಲ್ಲಿ ಕಾದುತ್ತಲೇ ಮಡಿದನು. ಅವನ ಮಕ್ಕಳನ್ನು ವೇಲೂರಿಗೆ ಸಾಗಿಸಿ, ರಾಜ್ಯವನ್ನು ಹಂಚಿಕೊಂಡು, ನಡುವಣ ಭಾಗವನ್ನು ಐದು ವರ್ಷದ ಬಾಲಕನಿಗೆ ಕೊಡಲು ಗೌರ್ನರ್ ಜನರಲ್ ವೆಲ್ಲೆಸ್ಲಿಯವರು ನಿಶ್ಚಯಿಸಿದರು. ಜೂನ್ ೩೦ರಂದು ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ವೈಧವ್ಯ ಬಂದ ೩೩ ವರ್ಷಗಳ ಮೇಲೆ ಲಕ್ಷ್ಮಮ್ಮಣ್ಣಿಯವರ ಸಂಕಲ್ಪವು ಕೈಗೂಡಿತು. ಆಗ ಅವರ ವಯಸ್ಸು ಅರುವತ್ತರ ಸಮೀಪದಲ್ಲಿತ್ತು.

ಆದರೆ ಕೈಗೂಡಿದುದು ಎಷ್ಟು? ಬಾಲಕ ರಾಜರ ಪಾಲಕತ್ವವು ರಾಣಿಯವರದಾಯಿತು. ರಾಜ್ಯಭಾರವು ದಿವಾನ್ ಪೂರ್ಣಯ್ಯನವರದಾಯಿತು. ಅವರ ಮೇಲ್ವಿಚಾರಣೆಯು ರೆಸಿಡೆಂಟರದಾಯಿತು. ಕಷ್ಟಕಾಲದಲ್ಲಿ ರಾಣಿಯವರ ಪರವಾಗಿ ದುಡಿದ ತಿರುಮಲರಾಯರಿಗೆ ದಿವಾನಗಿರಿಯು ದೊರೆಯಲಿಲ್ಲ, ಪಿಂಚಣಿಯಷ್ಟೇ ದೊರೆಯಿತು. ಹೈದರ್ ಟಿಪ್ಪುಗಳ ಸೇವೆಯಲ್ಲಿ ಪಳಗಿದ ಪೂರ್ಣಯ್ಯನವರೇ ಕುಂಪಣಿಯವರಿಗೆ ಬೇಕಾದರು. ಅವರ ದಕ್ಷತೆಯನ್ನು ಅಲ್ಲಗಳೆಯುವವರಿಲ್ಲ; ೧೮೦೭ರಲ್ಲಿ ಅವರಿಗೆ ಜಹಗೀರಾಗಿ ಬಂದ ಯಳಂದೂರು ನಮ್ಮ ಚಾಮರಾಜನಗರಕ್ಕೆ ನೆರೆಯೂರೇ ಆಗಿದೆ. ಆದರೆ ತಾವು ಬಯಸಿದ ಮಂತ್ರಿಯನ್ನು ನೇಮಿಸುವ ಸ್ವಾತಂತ್ರ್ಯವೂ ಪಾಲಕರಾದ ರಾಣಿಯವರಿಗೆ ಇರಲಿಲ್ಲವೆಂಬುದನ್ನು ಮರೆಯಲಾಗದು.

ಇದಕ್ಕಿಂತಲೂ ದೊಡ್ಡ ಹೊರೆ ೧೭೯೯ರ ಜುಲೈ ೮ರ ಕೌಲಿನಲ್ಲಿತ್ತು. ಹೊಸ ರಾಜ್ಯದ ಉತ್ಪತ್ತಿಯನ್ನು ಸುಮಾರು ೧೩ ಲಕ್ಷ ೭೪ ಸಾವಿರ ಕಂಠೀರಾಯಿ ವರಹಗಳೆಂದು ಗೊತ್ತುಮಾಡಿದ್ದರು. ಇದರೊಳಗಿಂದ ಕುಂಪಣಿಯ ಸೈನ್ಯದ ವೆಚ್ಚಕ್ಕೆಂದು ವರ್ಷಕ್ಕೆ ೭ ಲಕ್ಷ ಸ್ಟಾರ್ ವರಹಗಳನ್ನು ಸಲ್ಲಿಸಬೇಕಾಗಿತ್ತು. ಸ್ಟಾರ್ ವರಹದ ಬೆಲೆ ಕಂಠೀರಾಯಿಗಿಂತ ಹೆಚ್ಚು. ಆದುದರಿಂದ ಉತ್ಪತ್ತಿಯ ಅರ್ಧವನ್ನು ಮೀರಿದ ಹಣವು ಕಪ್ಪವಾಗಿ ಹೋಯಿತು. ಈ ಹಣಕ್ಕೆ ಚ್ಯುತಿ ಬರುವ ಭಯವಿದ್ದರೆ ರಾಜ್ಯಭಾರವನ್ನೇ ಕುಂಪಣಿಯವರು ವಹಿಸಿಕೊಳ್ಳಬಹುದೆಂಬ ಷರತ್ತೂ ಇತ್ತು. ೧೮೩೧ರಲ್ಲಿ ಆ ಷರತ್ತನ್ನೇ ಆಧಾರಮಾಡಿಕೊಂಡು ಅಧಿಕಾರವನ್ನು ಮುಮ್ಮಡಿಯವರ ಕೈಯಿಂದ ಕಿತ್ತುಕೊಂಡರು. ಅದು ಒಡೆಯರ ವಂಶಕ್ಕೆ ಮರಳಿದುದು ಐವತ್ತು ವರ್ಷಗಳ ಮೇಲೆ, ೧೮೮೧ರಲ್ಲಿ.

ಅದನ್ನು ಕಾಣಲು ಲಕ್ಷ್ಮಮ್ಮಣ್ಣಿಯವರು ಇರಲಿಲ್ಲ. ಮೊಮ್ಮಗನು ಅಧಿಕಾರ ವಹಿಸುವುದಕ್ಕೆ ಮೊದಲೇ, ೧೮೧೦ರಲ್ಲಿ, ಅವರು ಸ್ವರ್ಗಸ್ಥರಾದರು. ಪೂರ್ಣಯ್ಯನವರು ೧೮೧೧ರಲ್ಲಿ ನಿವೃತ್ತರಾಗಿ ಮರುವರ್ಷ ಕಾಲವಾದರು.

ಪರರ ಸೈನ್ಯವನ್ನು ನಾಡಿನೊಳಕ್ಕೆ ಕರೆದರೆಂದು ಈ ರಾಣಿಯವರನ್ನು ನಿಂದಿಸುವವರುಂಟು; ಧರ್ಮದೇವತೆಯೆಂದು ಹೊಗಳುವವರೂ ಉಂಟು. ಎರಡೂ ಪೂರ್ಣ ಸತ್ಯವಲ್ಲ. ರಾಣಿಯವರು ಕರೆಯದಿದ್ದರೂ ಕುಂಪಣಿಯ ಸೈನ್ಯವು ಶ್ರೀರಂಗಪಟ್ಟಣಕ್ಕೆ ಬರುತ್ತಲೇ ಇತ್ತು. ಅವರ ಹಕ್ಕಿನ ವಾದವು ಅಷ್ಟು ವರ್ಷ ಜೀವಂತವಾಗಿರದಿದ್ದರೆ, ಉಳಿದ ಮೈಸೂರೂ ಕುಂಪಣಿಯ ಜಿಲ್ಲೆಗಳಾಗಿ ಹಂಚಿಹೋಗುವ ಸಂಭವವಿತ್ತು. ಕನ್ನಡನಾಡಿನ ಒಂದು ಭಾಗವಾದರೂ ತನ್ನ ಹೆಸರನ್ನು ಉಳಿಸಿಕೊಂಡುದರಲ್ಲಿ ಅವರ ಪಾಲು ಸಣ್ಣದಲ್ಲ. ಹಾಗೆಯೇ, ಅನ್ಯರ ಬಲದಿಂದ ಬಂದ ರಾಜ್ಯವು ಅನ್ಯರ ಷರತ್ತಿನೊಡನೆಯೇ ಬರುತ್ತದೆಂಬುದನ್ನೂ ಅವರ ಜೀವನವು ತಿಳಿಸುತ್ತದೆ. ಅರಸೊತ್ತಿಗೆಯು ಅಳಿದು ಪ್ರಜೆಗಳೇ ಒಡೆಯರಾಗಿರುವ ಇಂದು, ಚಾಮರಾಜೇಶ್ವರನ ಗುಡಿಗೆ ಹೋಗುವ ಮಹನೀಯರು ಆ ಊರಿನ ಮಗುವನ್ನು ಮಡಿಲಲ್ಲಿ ತುಂಬಿಕೊಂಡ ಈ ತಾಯಿಯ ಛಲವನ್ನೂ, ಆಕೆ ತೆತ್ತ ಬೆಲೆಯನ್ನೂ ಒಟ್ಟಿಗೆ ನೆನೆಯುವುದು ನ್ಯಾಯ.